ಉಗಾಂಡಾದ ರೈತರ ಜೊತೆ ಹತ್ತು ವಾರ: ದುಡ್ಡು ಕಟ್ಟಿ ಹೋಗಬೇಕಾ?

ಪ್ರಶ್ನೆ:

ನಾನು ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು. ವಯಸ್ಸು 24. ಕಳೆದ ವರ್ಷ ಬಿ.ಎಸ್ಸಿ. ಕೃಷಿ ಮುಗಿಸಿದೆ. ನಮಗೆ 4 ಎಕರೆ ಮಾವಿನ ತೋಟ ಇದೆ. ಬೋರ್ ನೀರಲ್ಲಿ ಒಂದು ಎಕರೆ ಟೊಮೆಟೊ, ಮನೆಗಾಗುವಷ್ಟು ರಾಗಿ ಬೆಳೆಯುತ್ತೇವೆ. ಪೂರ್ವ ಉಗಾಂಡಾದ ಸೊರೊಟಿ ಕಡೆ ಸಣ್ಣ ರೈತರ ಜೊತೆ 10 ವಾರ ಸ್ವಯಂಸೇವೆ ಮಾಡಲು ಒಂದು ಸಂಸ್ಥೆ ನನ್ನನ್ನು ಆಯ್ಕೆ ಮಾಡಿದೆ. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ. ಕೆಲಸ ‘ಆಧುನಿಕ ಬೇಸಾಯ ಕಲಿಸುವುದು’ ಅಂತ ಪತ್ರದಲ್ಲಿದೆ. ಊಟ, ವಸತಿ, ತರಬೇತಿ, ಸರ್ಟಿಫಿಕೇಟ್ ಎಲ್ಲ ಸೇರಿ 1,85,000 ರೂಪಾಯಿ ಕಟ್ಟಬೇಕು. ವಿಮಾನದ ಖರ್ಚು ಬೇರೆ. ಟೂರಿಸ್ಟ್ ವೀಸಾ ಸಾಕು ಅಂತಾರೆ. ಅಪ್ಪ, ‘ನಮ್ಮ ತೋಟಕ್ಕೇ ಆಳು ಸಿಗ್ತಿಲ್ಲ, ನೀನು ದುಡ್ಡು ಕೊಟ್ಟು ಯಾರದ್ದೋ ಹೊಲದಲ್ಲಿ ಗೇಯೋಕೆ ಹೋಗ್ತೀಯಾ?’ ಅಂತಾರೆ. ಅಮ್ಮನಿಗೆ ಮಲೇರಿಯಾ ಭಯ, ನಾನು ಒಬ್ಬಳೇ ಹೋಗುವ ಭಯ. ಇದು ಮೋಸವಾ? ನನ್ನಿಂದ ಅಲ್ಲಿ ನಿಜವಾಗಿ ಏನಾದರೂ ಉಪಯೋಗ ಆಗುತ್ತಾ? ಜಿಪಿಯು-28 ರಾಗಿ, ಒಳ್ಳೆ ಟೊಮೆಟೊ ಬೀಜ ತಗೊಂಡು ಹೋಗಬಹುದಾ? ಮುಂದೆ ಎಂ.ಎಸ್ಸಿ.ಗೆ ಇದು ನೆರವಾಗುತ್ತಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶುಲ್ಕ ಎಷ್ಟು, ವೀಸಾ ಯಾವುದು, ಸರ್ಟಿಫಿಕೇಟ್ ಕೊಡ್ತಾರಾ ಅನ್ನುವುದೆಲ್ಲ ಬರೆದಿದ್ದೀರಿ. ಆದರೆ ನೀವು ಹೋಗುವ ಊರಿನ ರೈತರು ಏನು ಬೆಳೆಯುತ್ತಾರೆ, ಅವರಿಗೆ ಏನು ತೊಂದರೆ ಇದೆ, ಅವರು ಯಾವುದಕ್ಕೆ ಜನ ಬೇಕು ಅಂತ ಕೇಳಿದ್ದಾರೆ ಅನ್ನುವುದು ಎಲ್ಲೂ ಇಲ್ಲ. ಇದು ನಿಮ್ಮ ತಪ್ಪಲ್ಲ. ಸಂಸ್ಥೆಯವರು ನಿಮಗೆ ಹೇಳಿಲ್ಲ, ಅಷ್ಟೇ. ಹೋಗಬೇಕೋ ಬೇಡವೋ ಎಂಬುದು ಪೂರ್ತಿ ಇದರ ಮೇಲೇ ನಿಂತಿದೆ. ಹಾಗಾಗಿ ನನ್ನ ಉತ್ತರ ಇದರ ಸುತ್ತಲೇ ಸುತ್ತುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಪಾವಗಡದ ಕಡೆಯವನು. ಕೃಷಿ ವಿಸ್ತರಣೆಯ ಕೆಲಸದಲ್ಲಿ ತುಮಕೂರು, ಕೋಲಾರ ಜಿಲ್ಲೆಗಳ ಹಳ್ಳಿಗಳನ್ನು ವರ್ಷಗಟ್ಟಲೆ ಸುತ್ತಿದ್ದೇನೆ. ಆಮೇಲೆ 4 ವರ್ಷ ಪೂರ್ವ ಉಗಾಂಡಾದ ಟೆಸೊ ಸೀಮೆಯಲ್ಲಿದ್ದೆ. ನೀವು ಹೇಳುವ ಸೊರೊಟಿ ಅದೇ ಸೀಮೆಯ ದೊಡ್ಡ ಊರು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಬರೆಯುವಾಗ ನನ್ನ ಕಣ್ಣ ಮುಂದೆ ನಿಜವಾದ ಹೊಲಗಳಿವೆ.

ಮೊದಲು ದುಡ್ಡಿನ ವಿಷಯ. ಸ್ವಯಂಸೇವೆಗೆ ದುಡ್ಡು ಕೇಳಿದ ಕೂಡಲೇ ಅದು ಮೋಸ ಅಂತ ತೀರ್ಮಾನ ಮಾಡಬೇಕಿಲ್ಲ. 10 ವಾರ ನಿಮಗೆ ಊಟ ಹಾಕಬೇಕು, ಮಲಗಲು ಜಾಗ ಕೊಡಬೇಕು, ಭಾಷೆ ಗೊತ್ತಿರುವ ಒಬ್ಬರನ್ನು ಜೊತೆಗೆ ಕಳಿಸಬೇಕು. ಈ ಖರ್ಚನ್ನು ಎರಡು ಎಕರೆಯ ರೈತರ ಮೇಲೆ ಹಾಕುವುದು ಅನ್ಯಾಯ. ಯಾರೋ ಒಬ್ಬರು ಭರಿಸಬೇಕು. ದೊಡ್ಡ ಸಂಸ್ಥೆಗಳು ತಾವೇ ಭರಿಸುತ್ತವೆ, ಸಣ್ಣವು ನಿಮ್ಮನ್ನು ಕೇಳುತ್ತವೆ. ಕೇಳುವುದರಲ್ಲಿ ತಪ್ಪಿಲ್ಲ. ಲೆಕ್ಕ ಕೊಡದಿದ್ದರೆ ತಪ್ಪು. 1,85,000ದಲ್ಲಿ ನೀವು ಉಳಿಯುವ ಮನೆಗೆ ತಿಂಗಳಿಗೆ ಎಷ್ಟು ಹೋಗುತ್ತದೆ, ಅಲ್ಲಿನ ರೈತರ ಗುಂಪಿಗೆ ಎಷ್ಟು, ಜೊತೆಗಿರುವ ಸ್ಥಳೀಯ ಸಿಬ್ಬಂದಿಗೆ ಎಷ್ಟು, ಇಲ್ಲಿನ ಕಚೇರಿಗೆ ಎಷ್ಟು? ಬರವಣಿಗೆಯಲ್ಲಿ ಕೇಳಿ. ‘ಒಟ್ಟು ಪ್ಯಾಕೇಜ್ ಮೇಡಂ’ ಅನ್ನುವ ಉತ್ತರ ಬಂದರೆ ಅದು ಪ್ರವಾಸದ ವ್ಯಾಪಾರ. ಪ್ರವಾಸ ಹೋಗುವುದು ಕೆಟ್ಟದ್ದೇನಲ್ಲ, ಆದರೆ ಅದನ್ನು ಸೇವೆ ಅಂತ ಮಾರಬಾರದು. ಟೆಸೊದಲ್ಲಿ ಕೃಷಿ ಡಿಪ್ಲೊಮಾ ಮಾಡಿ ಕೆಲಸ ಸಿಗದೆ ಕೂತಿರುವ ಹುಡುಗ ಹುಡುಗಿಯರು ಇದ್ದಾರೆ. ಈ ದುಡ್ಡಲ್ಲಿ ಅಂಥವರಲ್ಲಿ ಒಬ್ಬರಿಗೆ ಎಷ್ಟೋ ತಿಂಗಳು ಸಂಬಳ ಕೊಡಬಹುದು. ಅವರಿಗೆ ಅಲ್ಲಿನ ಭಾಷೆ ಬರುತ್ತದೆ, ಮಣ್ಣು ಗೊತ್ತಿರುತ್ತದೆ, ಆಗಸ್ಟ್ ಆದ ಮೇಲೂ ಅವರು ಅಲ್ಲೇ ಇರುತ್ತಾರೆ. ಅವರ ಬದಲು ನೀವೇ ಯಾಕೆ ಎಂಬ ಪ್ರಶ್ನೆಗೆ ಸಂಸ್ಥೆಯ ಹತ್ತಿರ ಒಂದು ನೇರ ಉತ್ತರ ಇರಬೇಕು.

ಈಗ ಪತ್ರದಲ್ಲಿರುವ ‘ಆಧುನಿಕ ಬೇಸಾಯ ಕಲಿಸುವುದು’ ಎಂಬ ಮಾತು. ಇದು ನನಗೆ ಶುಲ್ಕಕ್ಕಿಂತ ಜಾಸ್ತಿ ಚಿಂತೆ ತಂದಿದೆ. ಅಲ್ಲಿನವರಿಗೆ ಬೇಸಾಯ ಗೊತ್ತಿಲ್ಲ, ನಾವು ಹೋಗಿ ಹೇಳಿಕೊಡಬೇಕು ಎಂಬ ನಂಬಿಕೆ ಅದರ ಒಳಗಿದೆ. ನಾವು ಕೋಲಾರ, ತುಮಕೂರಿನವರಂತೂ ಹೀಗೆ ಅಂದುಕೊಳ್ಳಲೇಬಾರದು. ನಾವು ದಿನಾ ಉಣ್ಣುವ ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಈಗಿನ ಇಥಿಯೋಪಿಯಾ, ಉಗಾಂಡಾ ಕಡೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡ ಹಾಯಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಅದೇ ಹೆಸರು. ನೀವು ತೆಗೆದುಕೊಂಡು ಹೋಗಬೇಕು ಅಂದಿರುವ ಜಿಪಿಯು-28ರ ವಂಶದಲ್ಲೂ ಇಂಡಾಫ್ ಇದೆ. ಅಂದರೆ ಅವರದೇ ರಾಗಿಯ ಮೊಮ್ಮಗಳನ್ನು ಅವರಿಗೆ ಹೊಸ ಬೀಜ ಅಂತ ಕೊಡಲು ಹೊರಟಿದ್ದೀರಿ.

ಟೆಸೊದಲ್ಲಿ ನನ್ನ ಮೊದಲ ರಾತ್ರಿಯ ಊಟ ನೆನಪಿದೆ. ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ಕುದಿಯುವ ನೀರಲ್ಲಿ ತಿರುವಿದ ಗಟ್ಟಿ ಮುದ್ದೆ. ಅದಕ್ಕೆ ಅಲ್ಲಿ ಅತಾಪ್ ಅನ್ನುತ್ತಾರೆ. ಜೊತೆಗೆ ಕಡಲೆಕಾಯಿ ಅರೆದು ಹಾಕಿ ಬೇಯಿಸಿದ ಅಲಸಂದೆ ಸೊಪ್ಪು. ಕೈಯಲ್ಲಿ ಮುರಿದು, ಸೊಪ್ಪಲ್ಲಿ ಅದ್ದಿ ತಿಂದೆ. ಆ ಮನೆಯವರು ನನ್ನ ಕೈಯನ್ನೇ ನೋಡುತ್ತಿದ್ದರು. ಮನೆಯ ಅಜ್ಜಿ ಏನೋ ಹೇಳಿದರು. ‘ಇವನಿಗೆ ಯಾರು ಕಲಿಸಿದರು ಅಂತ ಕೇಳ್ತಿದ್ದಾರೆ’ ಅಂತ ಜೊತೆಗಿದ್ದ ಹುಡುಗ ಅರ್ಥ ಹೇಳಿದ.

ಅದೇ ಅಜ್ಜಿಯ ಹೊಲದಲ್ಲಿ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಲೇಬೇಕು.

ನಮ್ಮ ಪಾವಗಡ ಕಡಲೆಕಾಯಿ ಸೀಮೆ. ಮಣ್ಣಲ್ಲಿ ತೇವ ಕಡಿಮೆ, ಅದಕ್ಕೆ ಸಾಲು ಸ್ವಲ್ಪ ಅಗಲವಾಗಿ ಬಿಡುತ್ತೇವೆ. ಹದ ಮಳೆ ಬರುವ ತನಕ ಬಿತ್ತನೆ ತಡೆದು ಕಾಯುತ್ತೇವೆ. ಟೆಸೊದಲ್ಲಿ ನೋಡಿದರೆ, ಮಾರ್ಚ್‌ನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಕಡಲೆಕಾಯಿ ಬಿತ್ತುತ್ತಿದ್ದರು. ಅದೂ ಒತ್ತೊತ್ತಾಗಿ. ಬೀಜ ದಂಡ ಅನ್ನಿಸಿತು ನನಗೆ. ಅಜ್ಜಿಯ ಹೊಲದ ಒಂದು ಭಾಗದಲ್ಲಿ ಎರಡು ವಾರ ತಡವಾಗಿ, ಅಗಲ ಸಾಲಿನಲ್ಲಿ ಬಿತ್ತಿಸಿದೆ. ಅವರು ಬೇಡ ಅನ್ನಲಿಲ್ಲ. ದೂರದಿಂದ ಬಂದವನು ಹೇಳುತ್ತಿದ್ದಾನೆ ಅಂತ ಒಪ್ಪಿಕೊಂಡರು. ಒಂದೂವರೆ ತಿಂಗಳಿಗೆ ನನ್ನ ಸಾಲಿನ ಗಿಡಗಳು ಕುಬ್ಜವಾಗಿ, ಎಲೆ ಹಳದಿಯಾಗಿ, ಗುಂಪು ಕಟ್ಟಿಕೊಂಡು ಪೊದೆಯ ಹಾಗೆ ನಿಂತವು. ಅಜ್ಜಿಯ ಹಳೇ ರೀತಿಯ ಭಾಗ ಹಸಿರಾಗಿತ್ತು.

ಅದು ರೋಸೆಟ್ ಎಂಬ ನಂಜು (ವೈರಸ್) ರೋಗ. ಸಹರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮಾತ್ರ ಇದೆ, ನಮ್ಮಲ್ಲಿ ಇಲ್ಲ. ನಾನು ಪುಸ್ತಕದಲ್ಲಿ ಹೆಸರು ಓದಿದ್ದೆ, ಗಿಡ ನೋಡಿರಲಿಲ್ಲ. ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಗಿಡಗಳ ನಡುವೆ ಬರೀ ನೆಲ ಕಾಣುತ್ತಿದ್ದರೆ ಹಾರಿ ಬರುವ ಹೇನುಗಳು ಅಲ್ಲಿ ಜಾಸ್ತಿ ಇಳಿಯುತ್ತವೆ. ಬೇಗ ಬಿತ್ತಿ, ಒತ್ತಾಗಿ ಬಿತ್ತಿ ನೆಲ ಮುಚ್ಚಿಸಿಬಿಟ್ಟರೆ ರೋಗ ಕಡಿಮೆ. ಅಜ್ಜಿಗೆ ಹೇನಿನ ಕಥೆ ಗೊತ್ತಿರಲಿಲ್ಲ, ಬಿತ್ತುವ ರೀತಿ ಗೊತ್ತಿತ್ತು. ಅವರ ಆ ವರ್ಷದ ಎಣ್ಣೆ, ಸಾರಿನ ಕಡಲೆಕಾಯಿಯಲ್ಲಿ ಒಂದು ಪಾಲು ನನ್ನಿಂದ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ನಾನು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಈಗಲೂ ಆ ಹೊಲ ನೆನಪಾದರೆ ನನಗೆ ಸಂಕಟ ಆಗುತ್ತದೆ.

ನನಗೆ ಆಗ ಇಪ್ಪತ್ತು ವರ್ಷದ ಅನುಭವ ಇತ್ತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಓದು ಇದ್ದರೂ, ಅನುಭವ ಇದ್ದರೂ, ಬೇರೆ ನೆಲದಲ್ಲಿ ಮೊದಲ ಹಂಗಾಮು ಪೂರ್ತಿ ನೋಡುವುದಕ್ಕೇ ಹೋಗುತ್ತದೆ. ನನ್ನಿಂದ ಅಲ್ಲಿ ಒಂದು ಒಳ್ಳೆ ಕೆಲಸವೂ ಆಯಿತು. ಟೆಸೊದಲ್ಲಿ ಎತ್ತಿನ ನೇಗಿಲು ನೂರು ವರ್ಷದಿಂದ ಇದೆ. ಆದರೆ ರಾಗಿಯನ್ನು ಎರಚಿ ಬಿತ್ತುತ್ತಾರೆ, ಕಳೆಯನ್ನು ಹೆಂಗಸರು ಕೂತು ಕೈಯಲ್ಲಿ ಕೀಳುತ್ತಾರೆ. ಕಾಡುರಾಗಿ ಎಳೆ ಪೈರಾಗಿದ್ದಾಗ ಥೇಟ್ ರಾಗಿಯ ಹಾಗೇ ಕಾಣುತ್ತದೆ, ಕೀಳುವ ಕಣ್ಣು ಸೋಲುತ್ತದೆ. ‘ಇದಕ್ಕೆ ನಿಮ್ಮೂರಲ್ಲಿ ಏನು ಮಾಡ್ತೀರಿ?’ ಅಂತ ಕೇಳಿದ್ದು ಅಲ್ಲಿನ ಹೆಂಗಸರೇ. ಸಾಲಾಗಿ ಬಿತ್ತುವ ನಮ್ಮ ಕೂರಿಗೆ, ಸಾಲಿನ ನಡುವೆ ಎತ್ತು ಕಟ್ಟಿ ಕಳೆ ತೆಗೆಯುವ ಎಡೆಕುಂಟೆಯ ಚಿತ್ರ ಬರೆದು ತೋರಿಸಿದೆ. ಅಲ್ಲಿನ ಕಮ್ಮಾರನೇ ಕುಡ ಬಡಿದ. ಮೊದಲ ಹಂಗಾಮಿನಲ್ಲಿ ಎತ್ತುಗಳು ಸಾಲಿನಲ್ಲಿ ನಡೆಯಲಿಲ್ಲ, ಬೆಳೆ ತುಳಿದವು. ಎರಡನೆಯದರಲ್ಲಿ ಸಾಲು ಕೂಡಿತು. ಮೂರನೆಯದರ ಹೊತ್ತಿಗೆ ನಾಲ್ಕು ಮನೆಗಳು ತಾವಾಗಿಯೇ ಮಾಡಿಸಿಕೊಂಡವು. ಮೂರು ಹಂಗಾಮು, ನಾಲ್ಕು ಮನೆ. ಬೇಸಾಯದಲ್ಲಿ ಬದಲಾವಣೆಯ ವೇಗ ಇದು.

ಈಗ ನಿಮ್ಮ 10 ವಾರವನ್ನು ಇದರ ಪಕ್ಕ ಇಟ್ಟು ನೋಡಿ. ಟೆಸೊದಲ್ಲಿ ಮೊದಲ ಬಿತ್ತನೆ ಮಾರ್ಚ್, ಏಪ್ರಿಲ್‌ನಲ್ಲಿ. ರಾಗಿ, ಕಡಲೆಕಾಯಿ ಕೊಯ್ಲು ಜುಲೈ ಸುಮಾರಿಗೆ. ಎರಡನೇ ಮಳೆಯ ಬೇಸಾಯ ಆಗಸ್ಟ್‌ನಲ್ಲಿ ಏಳುತ್ತದೆ. ನೀವು ಜೂನ್‌ನಲ್ಲಿ ಹೋದರೆ ಬಿತ್ತನೆ ಮುಗಿದಿರುತ್ತದೆ. ಆಗಸ್ಟ್ ಮಧ್ಯಕ್ಕೆ ಹೊರಟರೆ ಮುಂದಿನ ಬಿತ್ತನೆಯ ಹೊತ್ತಿಗೆ ನೀವು ಇರುವುದಿಲ್ಲ. ಒಂದು ಬೀಜ ಮಣ್ಣಿಗೆ ಬಿದ್ದು ಕಣಕ್ಕೆ ಬರುವುದನ್ನೂ ನೀವು ನೋಡುವುದಿಲ್ಲ. ಈ ತಾರೀಖುಗಳನ್ನು ಇಟ್ಟವರು ಕಾಲೇಜು ರಜೆ ನೋಡಿ ಇಟ್ಟಿದ್ದಾರೆ, ಮಳೆ ನೋಡಿ ಇಟ್ಟಿಲ್ಲ. ಅಮೆರಿಕದ ಪೀಸ್ ಕೋರ್ 1961ರಿಂದ ಈ ಕೆಲಸದಲ್ಲಿದೆ. ಅಲ್ಲಿ ಸುಮಾರು ಮೂರು ತಿಂಗಳು ಬರೀ ತರಬೇತಿ, ಆಮೇಲೆ ಎರಡು ವರ್ಷ ಕೆಲಸ. ಅದು ಆ ದೇಶದ ಪ್ರಜೆಗಳಿಗೆ ಮಾತ್ರ, ನಿಮಗೆ ಸಿಗುವುದಿಲ್ಲ. ಅವರು ಎಷ್ಟು ಸಮಯ ಕೊಡುತ್ತಾರೆ ಅನ್ನುವುದನ್ನು ಗಮನಿಸಿ ಅಂತ ಹೇಳಿದೆ.

ಮನಸ್ಸಲ್ಲೇ ಒಂದು ಸಲ ತಿರುಗಿಸಿ ನೋಡಿ. ಯಾವುದೋ ದೇಶದ 22 ವರ್ಷದ ಹುಡುಗ ಮೇ ತಿಂಗಳಲ್ಲಿ ನಿಮ್ಮ ಊರಿಗೆ ಬರುತ್ತಾನೆ. ಕನ್ನಡ ಬರಲ್ಲ, ತೆಲುಗು ಬರಲ್ಲ. ಟೊಮೆಟೊ ಹೀಗೆ ಬೆಳೆಯಿರಿ ಅಂತ ನಿಮ್ಮ ಅಪ್ಪನಿಗೆ ಹೇಳುತ್ತಾನೆ. ಅಪ್ಪ ಅವನನ್ನು ಕಳಿಸಿಬಿಡುವುದಿಲ್ಲ. ಹಣ್ಣು ಕೊಡುತ್ತಾರೆ, ಊಟ ಹಾಕುತ್ತಾರೆ, ಹೂಂ ಅಂತ ತಲೆಯಾಡಿಸುತ್ತಾರೆ. ಕೋಲಾರದ ಮಂಡಿಯಲ್ಲಿ ಬಾಕ್ಸ್ 100 ರೂಪಾಯಿಗೆ ಬಿದ್ದ ದಿನ ಅವನ ಯಾವ ಪಾಠವೂ ಅಪ್ಪನ ಕೈ ಹಿಡಿಯುವುದಿಲ್ಲ. ಅಲ್ಲಿನ ರೈತರ ಕಷ್ಟವೂ ಬಹುಪಾಲು ಇಂಥದ್ದೇ: ಬೆಲೆ, ರಸ್ತೆ, ಸಾಲ, ಮಳೆ. ಬೆಳೆಯುವ ಕಲೆ ಗೊತ್ತಿಲ್ಲ ಅನ್ನುವುದು ಅದರಲ್ಲಿ ಕೊನೆಗೆ ಬರುತ್ತದೆ.

ಹಾಗಾದರೆ ನಿಮ್ಮಿಂದ ಉಪಯೋಗವೇ ಇಲ್ವಾ? ಇದೆ. ನೀವೇ ಅದನ್ನು ಗಮನಿಸಿಲ್ಲ. ಪತ್ರದಲ್ಲಿ ರಾಗಿ, ಟೊಮೆಟೊ ಬೀಜದ ಮಾತು ಬರೆದಿರಿ, ಮಾವನ್ನು ಸುಮ್ನೆ ಒಂದು ಸಾಲಲ್ಲಿ ಬಿಟ್ಟಿರಿ. ಟೆಸೊ ಮಾವಿನ ಸೀಮೆ. ಸೊರೊಟಿಯಲ್ಲಿ 2019ರಲ್ಲಿ ಕಿತ್ತಳೆ, ಮಾವಿನ ರಸ ತೆಗೆಯುವ ಕಾರ್ಖಾನೆಯೂ ಶುರುವಾಯಿತು. ಅಲ್ಲಿ ಮಾವು ಬೆಳೆಯುವವರನ್ನು ಬಹಳ ಕಾಡುವುದು ಹಣ್ಣು ನೊಣ. ಆ ನೊಣ ಅವರದ್ದಲ್ಲ, ನಮ್ಮದು! 2003ರಲ್ಲಿ ಕೀನ್ಯಾದಲ್ಲಿ ಮೊದಲು ಕಂಡಿತು. ಹೊಸ ಜಾತಿ ಅಂದುಕೊಂಡು ಬೇರೆ ಹೆಸರು ಇಟ್ಟಿದ್ದರು. 2015ರಲ್ಲಿ ಇದು ಏಷ್ಯಾದ ಹಣ್ಣು ನೊಣವೇ ಎಂದು ತೀರ್ಮಾನವಾಯಿತು. ನಿಮ್ಮ ಶ್ರೀನಿವಾಸಪುರದ ತೋಟದವರು ಈ ನೊಣದ ಜೊತೆ ಗುದ್ದಾಡುತ್ತಲೇ ಬಂದಿದ್ದಾರೆ. ಗಂಡು ನೊಣವನ್ನು ಸೆಳೆಯುವ ಮೀಥೈಲ್ ಯುಜಿನಾಲ್ ಹಾಕಿದ ಮೋಹಕ ಬಲೆ ಯಾವಾಗ ಕಟ್ಟಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು, ಉದುರಿದ ಹಣ್ಣನ್ನು ಆರಿಸಿ ಆಳವಾಗಿ ಹೂಳದಿದ್ದರೆ ಏನಾಗುತ್ತದೆ, ಪಕ್ಕದ ತೋಟದವರು ಕಟ್ಟದಿದ್ದರೆ ನಮ್ಮ ಬಲೆ ಯಾಕೆ ಸಾಲದು ಅನ್ನುವುದೆಲ್ಲ ನೀವು ಮನೆಯಲ್ಲೇ ನೋಡಿ ಕಲಿತಿರುತ್ತೀರಿ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಇದು ಗಟ್ಟಿ ವಿದ್ಯೆ. ನಿಮ್ಮನ್ನು ಆಯ್ಕೆ ಮಾಡಿದ ಸಂಸ್ಥೆಗೆ ನೇರವಾಗಿ ಬರೆಯಿರಿ: ಆ ಊರಿನಲ್ಲಿ ಮಾವಿನ ರೈತರ ಗುಂಪು ಇದೆಯಾ, ಹಣ್ಣು ನೊಣ ಅವರಿಗೆ ತೊಂದರೆಯಾ, ಆ ವಿಷಯಕ್ಕೆ ಒಬ್ಬರು ಬಂದರೆ ಅವರಿಗೆ ಬೇಕಾ, ನಾನು ಅಲ್ಲಿಂದ ಹೊರಟ ಮೇಲೆ ಕೆಲಸ ಮುಂದುವರಿಸುವವರು ಯಾರು? ಹೌದು ಎಂಬ ಉತ್ತರ ಆ ಗುಂಪಿನಿಂದಲೇ ಬಂದರೆ ಈ ಪ್ರಯಾಣದ ಬಣ್ಣವೇ ಬೇರೆ.

ಈ ನೊಣದ ಕಥೆಯಲ್ಲೇ ನಿಮ್ಮ ಬೀಜದ ಪ್ರಶ್ನೆಗೂ ಉತ್ತರ ಇದೆ. ಬೀಜ, ಹಣ್ಣು, ಸಸಿ, ಮಣ್ಣು ಯಾವುದನ್ನೂ ತೆಗೆದುಕೊಂಡು ಹೋಗಬೇಡಿ, ಬರುವಾಗ ತರಲೂ ಬೇಡಿ. ಯಾರದೋ ಚೀಲದಲ್ಲಿ, ಯಾವುದೋ ಹಣ್ಣಿನಲ್ಲಿ ಕೂತು ಹೋಗುವ ಹುಳ ಒಂದು ಖಂಡವನ್ನೇ ಕಾಡುತ್ತದೆ. ನಮಗೂ ಹೀಗೇ ಆಗಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಎರಡೇ ವರ್ಷದಲ್ಲಿ, 2018ರಲ್ಲಿ, ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ ಸಿಕ್ಕಿತು. ಅದೇ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಗಳಲ್ಲೂ ಇತ್ತು. ಶಿಡ್ಲಘಟ್ಟದ ಹಿರಿಯ ರೇಷ್ಮೆ ಬೆಳೆಗಾರರನ್ನು ಕೇಳಿ ನೋಡಿ, ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ ಇಲ್ಲದ ಕಾಲ ಅವರಿಗೆ ನೆನಪಿರುತ್ತದೆ. ಅದು 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಕರ್ನಾಟಕಕ್ಕೆ ಇಳಿಯಿತು. ಬೀಜ ದೇಶ ದಾಟಬೇಕಾದರೆ ಆ ದೇಶದ ಅನುಮತಿ, ನಮ್ಮ ಕಡೆಯಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು. ಅದಕ್ಕೆ ಸಂಶೋಧನಾ ಸಂಸ್ಥೆಗಳಿವೆ. ಸೊರೊಟಿಯ ಪಕ್ಕದ ಸೆರೆರೆಯಲ್ಲಿ ರಾಗಿ, ಕಡಲೆಕಾಯಿ, ಜೋಳದ ಮೇಲೆ ಕೆಲಸ ಮಾಡುವ ದೊಡ್ಡ ಸರ್ಕಾರಿ ಕೇಂದ್ರ ಇದೆ, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದ್ದ ಹಾಗೆ. ಅಲ್ಲಿನ ನೆಲಕ್ಕೆ ಒಗ್ಗಿದ ತಳಿಗಳನ್ನು ಅವರೇ ಮಾಡಿದ್ದಾರೆ. ನೀವು ಹೋದರೆ ಮೊದಲ ವಾರವೇ ಅಲ್ಲಿಗೆ ಒಂದು ಭೇಟಿ ಕೊಡಿ.

ವೀಸಾದ ಬಗ್ಗೆ ನನ್ನ ಮಾತು ಚಿಕ್ಕದು, ಖಡಕ್ಕಾದದ್ದು. ‘ಟೂರಿಸ್ಟ್ ವೀಸಾ ಸಾಕು’ ಅಂದವರನ್ನು ನಂಬಬೇಡಿ. ಸಂಬಳ ಇಲ್ಲದ ಕೆಲಸವೂ ಕೆಲಸವೇ ಅಂತ ಹೆಚ್ಚಿನ ದೇಶಗಳ ಕಾನೂನು ನೋಡುತ್ತದೆ. ಉಗಾಂಡಾದಲ್ಲಿ ಇದಕ್ಕೆ ಬೇರೆ ಪ್ರವೇಶ ಪರವಾನಗಿ, ಅಲ್ಪಾವಧಿಗೆ ವಿಶೇಷ ಪಾಸ್ ಇವೆ. ಅದನ್ನು ಆತಿಥ್ಯ ಕೊಡುವ ಸಂಸ್ಥೆ ಮಾಡಿಸಿಕೊಡಬೇಕು. ಸಿಕ್ಕಿಬಿದ್ದರೆ ದಂಡ ಕಟ್ಟುವುದು, ವಾಪಸ್ ಬರುವುದು ನೀವು, ಸಂಸ್ಥೆಯಲ್ಲ. ನಿಮ್ಮನ್ನು ಇಟ್ಟುಕೊಂಡ ರೈತರ ಮನೆಗೂ ವಿಚಾರಣೆ ಬರಬಹುದು. ಇಷ್ಟು ಸಣ್ಣ ಕಾಗದದ ಕೆಲಸ ಮಾಡದ ಸಂಸ್ಥೆ, ನಿಮಗೆ ಜ್ವರ ಬಂದ ರಾತ್ರಿ ಎದ್ದು ಬರುತ್ತದೆ ಎಂಬ ನಂಬಿಕೆ ನನಗಿಲ್ಲ.

ಅಮ್ಮನ ಭಯಕ್ಕೆ ಬರೋಣ. ಅಮ್ಮ ಹೇಳುವುದರಲ್ಲಿ ಅರ್ಥ ಇದೆ. ಪೂರ್ವ ಉಗಾಂಡಾದಲ್ಲಿ ಮಲೇರಿಯಾ ವರ್ಷ ಪೂರ್ತಿ ಇರುತ್ತದೆ. ಅದೂ ಫಾಲ್ಸಿಪೇರಂ, ಮೆದುಳಿಗೆ ಏರಬಲ್ಲ ಜಾತಿ. ‘ನಾವೂ ಸೊಳ್ಳೆ ಕಡಿತದಲ್ಲೇ ಬೆಳೆದವರು, ನಮಗೇನಾಗುತ್ತೆ’ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಅಲ್ಲಿ ಹುಟ್ಟಿ ಬೆಳೆದ ದೊಡ್ಡವರಿಗೆ ಸಲ ಸಲ ಜ್ವರ ಬಂದು ಒಂದಿಷ್ಟು ತಡೆಯುವ ಶಕ್ತಿ ಬಂದಿರುತ್ತದೆ. ಕೋಲಾರದಲ್ಲಿ ಬೆಳೆದ ನಿಮಗೆ ಅದಿಲ್ಲ. ಹೊರಡುವ 6 ವಾರ ಮೊದಲೇ ವೈದ್ಯರನ್ನು ನೋಡಿ, ತಡೆ ಮಾತ್ರೆ ಬರೆಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಆದರೆ ದಿನಾ ಒಂದು, ಹಿಂತಿರುಗಿದ ಮೇಲೂ 4 ವಾರ. ಅದನ್ನು ತೆಗೆದುಕೊಳ್ಳುವಾಗ ಕೆಲವರಿಗೆ ಬಿಸಿಲಿಗೆ ಚರ್ಮ ಸುಡುತ್ತದೆ, ಹೊಲದ ಕೆಲಸಕ್ಕೆ ತುಂಬು ತೋಳಿನ ಅಂಗಿ, ಟೋಪಿ ಬೇಕು. ಮೆಫ್ಲೊಕ್ವಿನ್ ವಾರಕ್ಕೊಂದು, ಆದರೆ ಕೆಲವರಿಗೆ ನಿದ್ದೆ, ಮನಸ್ಸು ಕೆಡುತ್ತದೆ. ಯಾವುದು ನಿಮಗೆ ಸರಿ ಎಂಬುದನ್ನು ವೈದ್ಯರು ಹೇಳಬೇಕು. ಮಾತ್ರೆ ನುಂಗಿದರೂ ಸೊಳ್ಳೆ ಪರದೆ ಬಿಡಬೇಡಿ. ಅಲ್ಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೂ, ‘ಉಗಾಂಡಾದಲ್ಲಿದ್ದೆ’ ಅಂತ ವೈದ್ಯರಿಗೆ ಮೊದಲ ಮಾತಲ್ಲೇ ಹೇಳಿ. ನಮ್ಮ ಕಡೆ ಅವರಿಗೆ ಡೆಂಗಿ ಹೊಳೆಯುತ್ತದೆ, ಮಲೇರಿಯಾ ಬೇಗ ಹೊಳೆಯುವುದಿಲ್ಲ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಎಲ್ಲ ಆಸ್ಪತ್ರೆಯಲ್ಲೂ ಕೊಡುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ನಿಮಗೆ ಬೆಂಗಳೂರು ಹತ್ತಿರ. ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ಸಾಕು. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಹೇಳಿ. ಇನ್ನೊಂದು, ಸೊರೊಟಿ ಸುತ್ತ ಕೆರೆ, ಜೌಗು ಜಾಸ್ತಿ. ನೋಡಲು ಚೆನ್ನಾಗಿರುತ್ತದೆ, ಕಾಲು ಇಳಿಬಿಡಬೇಡಿ. ಬಿಲ್ಹಾರ್ಜಿಯಾ ಹುಳು ನೀರಿನಿಂದ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಇಷ್ಟೆಲ್ಲ ರೋಗ ಹೇಳಿದ ಮೇಲೂ, ನನ್ನ ಕಣ್ಣಿಗೆ ಜಾಸ್ತಿ ಬಿದ್ದ ಅನಾಹುತ ಬೋಡಾ ಬೋಡಾದ್ದು. ಅಲ್ಲಿ ಬಾಡಿಗೆ ಮೋಟಾರ್ ಸೈಕಲ್‌ಗೆ ಹಾಗೆ ಅನ್ನುತ್ತಾರೆ. ರಾತ್ರಿ ಹತ್ತಬೇಡಿ. ನಿಮ್ಮದೇ ಹೆಲ್ಮೆಟ್ ಇರಲಿ. ಗಂಭೀರ ಪೆಟ್ಟಾದರೆ ವಿಮಾನದಲ್ಲಿ ಸಾಗಿಸುವ ಖರ್ಚು ಭರಿಸುವ ವಿಮೆ ಇಲ್ಲದೆ ಹೊರಡಲೇಬೇಡಿ.

ಒಬ್ಬಳೇ ಹೋಗುವ ಬಗ್ಗೆ ನಾನು ಗಂಡಸಾಗಿ ಹೇಳುವುದಕ್ಕಿಂತ, ಆ ಊರಿಗೆ ಹಿಂದೆ ಹೋಗಿ ಬಂದ ಇಬ್ಬರು ಹೆಣ್ಣುಮಕ್ಕಳ ಫೋನ್ ನಂಬರ್ ಸಂಸ್ಥೆಯಿಂದ ಪಡೆಯಿರಿ. ನೀವೂ ಮಾತಾಡಿ, ಅಮ್ಮನನ್ನೂ ಮಾತಾಡಿಸಿ. ಒಳಗಿನಿಂದ ಚಿಲಕ ಹಾಕುವ ಕೋಣೆ ಇತ್ತಾ, ಬಚ್ಚಲು ಎಷ್ಟು ದೂರ, ತೊಂದರೆ ಆದಾಗ ಹೇಳಿಕೊಳ್ಳಲು ಸ್ಥಳೀಯ ಮಹಿಳೆ ಒಬ್ಬರು ಇದ್ದರಾ ಅಂತ ಅಮ್ಮ ನಿಮಗಿಂತ ಚೆನ್ನಾಗಿ ಕೇಳುತ್ತಾರೆ. ನಂಬರ್ ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ. ಹೋದ ಮೇಲೆ ಕಂಪಾಲದ ಭಾರತೀಯ ಹೈ ಕಮಿಷನ್‌ಗೆ ನಿಮ್ಮ ವಿಳಾಸ ಕೊಟ್ಟಿರಿ.

ಇನ್ನೊಂದು ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಅಲ್ಲಿ ಭಾರತೀಯರು ಅಂದರೆ ಜನರ ಮನಸ್ಸಿಗೆ ಬರುವುದು ಅಂಗಡಿ, ಕಾರ್ಖಾನೆ. 1972ರಲ್ಲಿ ಇದಿ ಅಮೀನ್ ಏಷ್ಯಾದವರನ್ನು ದೇಶ ಬಿಡಿಸಿದ, ಆಮೇಲೆ ಎಷ್ಟೋ ಜನ ಮರಳಿದರು. ಅದರ ನೆನಪು ಎರಡೂ ಕಡೆ ಇದೆ. ಮಾವಿನ ಮರ ಹತ್ತಬಲ್ಲ, ಮಂಡಿಯಲ್ಲಿ ಬೆಲೆ ಕೂಗುವುದನ್ನು ಕಂಡ ರೈತನ ಮಗಳೊಬ್ಬಳು ಭಾರತದಿಂದ ಬಂದರೆ ಅವರಿಗೆ ಆಶ್ಚರ್ಯ ಆಗುತ್ತದೆ. ನಿಮ್ಮ ಸಾಲದ ಕಥೆ, ಬೋರ್ ಬತ್ತಿದ ಕಥೆ ಹೇಳಿಕೊಳ್ಳಿ. ನನಗೆ ಅಲ್ಲಿ ಬಾಗಿಲು ತೆರೆದದ್ದು ಅಂಥ ಮಾತುಗಳಿಂದಲೇ. ಆದರೆ ಬಂಡವಾಳ ತರುತ್ತಾಳೆ, ಯಂತ್ರ ತರುತ್ತಾಳೆ ಎಂಬ ಆಸೆಯೂ ಹುಟ್ಟುತ್ತದೆ. ಕೊಡಲಾಗದ್ದನ್ನು ‘ನೋಡೋಣ’ ಅಂತ ಕೂಡ ಹೇಳಬೇಡಿ. ನಮ್ಮ ‘ನೋಡೋಣ’ ಅಲ್ಲಿ ‘ಕೊಡ್ತೀನಿ’ ಅಂತ ಕೇಳಿಸುತ್ತದೆ.

ನಿಮಗಿರುವ ದಾರಿಗಳನ್ನು ಹೇಳುತ್ತೇನೆ. ಇದೇ ಸಂಸ್ಥೆಯ ಮೂಲಕ ಹೋಗಬಹುದು, ಲೆಕ್ಕ, ವೀಸಾ, ರೈತ ಗುಂಪಿನ ಕರೆ, ಈ ಮೂರೂ ಸಿಕ್ಕಿದರೆ. ಆಗಲೂ ತಾರೀಖನ್ನು ಅವರ ಹಂಗಾಮಿಗೆ ಹೊಂದಿಸಲು ಕೇಳಿ. ಅಪಾಯ ಏನೆಂದರೆ, ದುಡ್ಡು ಕಟ್ಟಿದ ಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಅದಕ್ಕೆ ಕಟ್ಟುವ ಮೊದಲೇ ಎಲ್ಲ ಕೇಳಿ, ಕಂತಿನಲ್ಲಿ ಕಟ್ಟಿ.

ಎರಡನೆಯದು ದುಡ್ಡು ಕೇಳದ ದಾರಿ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ, ಯುಎನ್‌ವಿ, ಇದೆ. 18ರಿಂದ 26ರ ವಯಸ್ಸಿನವರಿಗೂ ಅದರಲ್ಲಿ ವಿಭಾಗ ಇದೆ. ಅವರು ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬದಲಿಗೆ ಜೀವನ ಭತ್ಯೆ, ವಿಮೆ ಕೊಡುತ್ತಾರೆ. ಪೈಪೋಟಿ ಜಾಸ್ತಿ, ಆಯ್ಕೆ ನಿಧಾನ, ಇಷ್ಟದ ದೇಶ ಸಿಗದೇ ಇರಬಹುದು. ವಿಎಸ್‌ಒ ಎಂಬ ಹಳೆಯ ಸಂಸ್ಥೆಯೂ ಇದೆ, ಅಲ್ಲಿ ಕೆಲಸದ ಅನುಭವ ಕೇಳುತ್ತಾರೆ. ಯುಎನ್‌ವಿಯಲ್ಲೇ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಮಾಡುವ ಸ್ವಯಂಸೇವೆಯೂ ಇದೆ, ಈ ವಾರವೇ ಶುರು ಮಾಡಬಹುದು. ವೂಫ್ ಎಂಬುದು ಬೇರೆ ತರಹದ್ದು. ಸಾವಯವ ತೋಟದಲ್ಲಿ ದಿನಕ್ಕೆ ಕೆಲವು ಗಂಟೆ ಕೆಲಸ, ಬದಲಿಗೆ ಊಟ, ವಸತಿ. ಅದು ಕಲಿಯಲು ಹೋಗುವವರಿಗೆ ಅಂತ ಅವರೇ ಹೇಳುತ್ತಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟ. ಅಲ್ಲೂ ವೀಸಾದ ಹೊಣೆ ನಿಮ್ಮದೇ.

ಮೂರನೆಯದು, ನನ್ನ ಮಗಳಾಗಿದ್ದರೆ ನಾನು ಹೇಳುತ್ತಿದ್ದದ್ದು. ಈ ವರ್ಷ ಹೋಗಬೇಡಿ. ಜೂನ್, ಜುಲೈ ನಿಮ್ಮ ತೋತಾಪುರಿ ಕೊಯ್ಲಿನ ತಿಂಗಳು, ಅಪ್ಪ ಸಿಟ್ಟಲ್ಲಿ ಹೇಳಿದ್ದರ ಹಿಂದೆ ಆ ಲೆಕ್ಕ ಇದೆ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಚಿಂತಾಮಣಿಯ ಕುರುಬೂರಿನಲ್ಲಿದೆ, ತುಮಕೂರಿನ ಹಿರೇಹಳ್ಳಿಯಲ್ಲಿದೆ. ಟಮಕಕ್ಕೆ ಹೋಗಿ, ನಿಮ್ಮ ಊರಿನ ಇಪ್ಪತ್ತು ತೋಟಗಳಲ್ಲಿ ಒಟ್ಟಿಗೆ ಹಣ್ಣು ನೊಣದ ಬಲೆ ಕಟ್ಟಿಸುವ ಕೆಲಸಕ್ಕೆ ಮಾರ್ಗದರ್ಶನ ಕೇಳಿ. ಇಪ್ಪತ್ತು ಜನ ರೈತರನ್ನು ಒಂದೇ ವಾರದಲ್ಲಿ ಒಂದೇ ಕೆಲಸಕ್ಕೆ ಒಪ್ಪಿಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ನಿಮ್ಮದೇ ಭಾಷೆಯಲ್ಲಿ, ನಿಮ್ಮನ್ನು ಚಿಕ್ಕಂದಿನಿಂದ ಕಂಡವರ ಹತ್ತಿರವೇ ಅಷ್ಟು ಕಷ್ಟ. ಯಾವ ತೋಟದಲ್ಲಿ ಬಲೆಗೆ ವಾರಕ್ಕೆ ಎಷ್ಟು ನೊಣ ಬಿತ್ತು, ಎಷ್ಟು ಹಣ್ಣು ಹುಳ ಹಿಡಿಯಿತು, ಯಾರು ನಡುವೆ ಬಿಟ್ಟರು, ಯಾಕೆ ಬಿಟ್ಟರು, ಎಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಎಂ.ಎಸ್ಸಿ. ಬಗ್ಗೆ ಕೇಳಿದ್ದಿರಲ್ಲ, 10 ವಾರದ ಸರ್ಟಿಫಿಕೇಟ್ ನೂರಾರು ಜನರ ಹತ್ತಿರ ಇರುತ್ತದೆ. ಇಂಥ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಬಂದವರನ್ನು ಸಂದರ್ಶನದಲ್ಲಿ ನಾನು ಮರೆತದ್ದಿಲ್ಲ. ಮುಂದಿನ ವರ್ಷ ಇದೇ ಪುಸ್ತಕ ಹಿಡಿದು ಯುಎನ್‌ವಿಗೋ, ಸೊರೊಟಿಯ ಯಾವುದಾದರೂ ಮಾವಿನ ರೈತರ ಸಂಘಕ್ಕೋ ಬರೆಯಿರಿ. ಆಗ ನೀವು ಕೊಡುವುದು ಏನು ಅಂತ ಒಂದೇ ಸಾಲಿನಲ್ಲಿ ಹೇಳಬಲ್ಲಿರಿ. ನಷ್ಟ ಒಂದೇ, ಒಂದು ವರ್ಷ ಕಾಯಬೇಕು, ಮತ್ತೆ ಈ ಉತ್ಸಾಹ ಇರುತ್ತದೋ ಇಲ್ಲವೋ ಎಂಬ ಭಯ ಇರುತ್ತದೆ. ಆ ಭಯ ನನಗೂ ಅರ್ಥವಾಗುತ್ತದೆ. ನಿಮ್ಮ ವಯಸ್ಸಲ್ಲಿ ಹೊರಡುವ ಆಸೆಯನ್ನು ಯಾರಾದರೂ ತಣ್ಣಗೆ ಮಾಡಿದರೆ ನನಗೂ ಸಿಟ್ಟು ಬರುತ್ತಿತ್ತು.

ಸಂಸ್ಥೆಗೆ ಬರೆಯುವುದನ್ನು ಮಾತ್ರ ಇವತ್ತೇ ಬರೆಯಿರಿ. ಆ ಊರಿನ ಹೆಸರು, ಅಲ್ಲಿನ ಬೆಳೆಗಳು, ಬಿತ್ತನೆ ಮತ್ತು ಕೊಯ್ಲಿನ ತಿಂಗಳು, ರೈತ ಗುಂಪು ಕೇಳಿರುವುದು ಏನು, ಕಳೆದ ಎರಡು ವರ್ಷ ಬಂದವರು ಏನು ಮಾಡಿ ಹೋದರು, ಈಗ ಅದು ಹೇಗಿದೆ, ಇಷ್ಟನ್ನು ಕೇಳಿ. ಉತ್ತರ ಬಂದ ದಿನ ಅದನ್ನು ಅಪ್ಪನಿಗೆ ಓದಿ ಹೇಳಿ. ಬರೆದವರಿಗೆ ಬೇಸಾಯ ಗೊತ್ತಿದೆಯೋ ಇಲ್ಲವೋ ಅನ್ನುವುದನ್ನು ಅವರು ನನಗಿಂತ ಬೇಗ ಹೇಳಿಬಿಡುತ್ತಾರೆ.